ಅಂಟು ಉಳೀತು, ಪಾಲಿಶ್ ಹೋಯ್ತು: ಫರ್ನಿಚರ್ ಮೇಲೆ ಒಣಗಿದ ಅಂಟಿನ ದೋಷ ನಿವಾರಣೆ

ನಮ್ಮ ಮನೆಯಲ್ಲಿ ಒಂದು ಸಾಗವಾನಿ ಟೇಬಲ್ ಇದೆ. ಅಪ್ಪ ಮಾಡಿಸಿದ್ದು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದಾಗಿನದು, ಅಂದ್ರೆ 1997ಕ್ಕಿಂತ ಮೊದಲಿನದು. ಮಗಳು ಶಾಲೆಗೆ ಮಾಡೆಲ್ ಮಾಡುತ್ತ ಕೂತಾಗ ಅದರ ಮೇಲೆ ಫೆವಿಕ್ವಿಕ್ ಎರಡು ಹನಿ ಬಿತ್ತು. ಒಣಗಿ ಗಾಜಿನ ಗುಂಡಿಯಂತೆ ಕೂತುಬಿಟ್ಟಿತು. ನೇಲ್ ಪಾಲಿಶ್ ರಿಮೂವರ್ ಹಾಕಿದರೆ ಕರಗುತ್ತದೆ ಅಂತ ಯಾರೋ ಹೇಳಿದರು. ಮಾತು ಸುಳ್ಳಲ್ಲ. ಹತ್ತಿಗೆ ಅದ್ದಿ ಉಜ್ಜಿದೆ. ಎರಡು ನಿಮಿಷಕ್ಕೆ ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಕರಗಿತಪ್ಪ ಅಂತ ಖುಷಿಯಾಯಿತು. ಇನ್ನಷ್ಟು ಸುರಿದೆ.

ಕರಗಿದ್ದು ಅಂಟಲ್ಲ, ಪಾಲಿಶ್. ಹನಿಗಳು ಇದ್ದಲ್ಲೇ ಇದ್ದವು. ಸುತ್ತಲೂ ಅಂಗೈಯಗಲ ಮರ ಬೆತ್ತಲಾಗಿತ್ತು.

ನಮ್ಮ ಓಣಿಯ ಬಡಿಗೇರ ಕಾಕಾ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮ್ಯಾಲಿನ ಅಂಟು ಯಾವುದು ಅಂತ ಎಲ್ಲಾರನೂ ಕೇಳಿದಿ ತಮ್ಮಾ. ಕೆಳಗಿನ ಪಾಲಿಶ್ ಯಾವುದು ಅಂತ ಒಬ್ಬರನೂ ಕೇಳಲಿಲ್ಲಲ್ಲ?" ಅಂದರು.

ಆಮೇಲೆ ಅಕ್ಕಪಕ್ಕದ ಮನೆಗಳಲ್ಲಿ ಇಂಥವೇ ಏಳೆಂಟು ಕೇಸು ನೋಡಿದೆ. ಮನೆಯ ಸಾಮಾನು ಕೆಟ್ಟಿದ್ದು ಅಂಟಿನಿಂದ ಕಡಿಮೆ, ಅಂಟು ತೆಗೆಯಲು ಹಾಕಿದ ವಸ್ತುವಿನಿಂದಲೇ ಜಾಸ್ತಿ. ಹಾಗಾಗಿ ಔಷಧಿಗಿಂತ ಮೊದಲು ಪರೀಕ್ಷೆ.

ಮೇಲಿರುವುದು ಯಾವ ಅಂಟು?

ನೋಡಿ, ಮುಟ್ಟಿ, ಉಗುರಿನಿಂದ ಒತ್ತಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಉಗುರು ಒತ್ತಿದರೆ ಸ್ವಲ್ಪ ತಗ್ಗುತ್ತದೆ, ತೆಳ್ಳಗೆ ಪಾರದರ್ಶಕವಾಗಿದೆ, ಅಂಚು ರಬ್ಬರಿನಂತಿದೆ ಅಂದ್ರೆ ಅದು ಬಿಳಿ ಫೆವಿಕಾಲ್ ಜಾತಿಯದು. ಅನುಮಾನ ಇದ್ದರೆ ಉಗುರುಬೆಚ್ಚಗಿನ ನೀರು ಒಂದು ಹನಿ ಅದರ ಮೇಲೆ ಬಿಟ್ಟು ಹತ್ತು ನಿಮಿಷ ಬಿಡಿ. ಪಾರದರ್ಶಕ ಇದ್ದದ್ದು ಮತ್ತೆ ಹಾಲಿನ ಬಣ್ಣಕ್ಕೆ ತಿರುಗಿದರೆ ಫೆವಿಕಾಲೇ. ಈ ಪರೀಕ್ಷೆಗೆ ಒಂದು ತೊಡಕಿದೆ. ನೀರು ತಾಳುವ ಮರೀನ್ ಜಾತಿಯದಾದರೆ ಅದು ಅಷ್ಟು ಬೇಗ ಬೆಳ್ಳಗಾಗುವುದಿಲ್ಲ. ಸಿಂಕ್ ಹತ್ತಿರದ ಕಪಾಟು, ಬಾತ್‌ರೂಮ್ ಬಾಗಿಲು ಇದ್ದರೆ ಬಡಿಗರು ಬಹುಶಃ ಅದನ್ನೇ ಹಾಕಿರುತ್ತಾರೆ.

ಕಲ್ಲಿನಷ್ಟು ಗಟ್ಟಿ, ಗಾಜಿನ ಹೊಳಪು, ಸುತ್ತ ಬಿಳಿ ಹೊಗೆ ಕೂತಂತೆ ಮಬ್ಬು. ಇದು ಫೆವಿಕ್ವಿಕ್. ಆ ಮಬ್ಬು ಮರ ಸುಟ್ಟಿದ್ದಲ್ಲ. ಅಂಟು ಒಣಗುವಾಗ ಎದ್ದ ಆವಿಯೇ ಪಕ್ಕದಲ್ಲಿ ಕೂತು ಗಟ್ಟಿಯಾಗಿರುತ್ತದೆ. ಒಣ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಎಷ್ಟೋ ಸಲ ಅದು ಹೋಗಿಬಿಡುತ್ತದೆ.

ಹಳದಿ ಅಥವಾ ಕಂದು ಬಣ್ಣ, ಬೆರಳಿನಿಂದ ತಿಕ್ಕಿದರೆ ರಬ್ಬರಿನ ಉಂಡೆಗಳಾಗಿ ಸುತ್ತಿಕೊಳ್ಳುತ್ತದೆ: ಸನ್ಮೈಕಾ ಅಂಟಿಸುವ, ಚಪ್ಪಲಿಗೂ ಹಾಕುವ ರಬ್ಬರ್ ಜಾತಿಯ ಅಂಟು. ಫೆವಿಕಾಲ್ ಎಸ್‌ಆರ್, ಫೆವಿಬಾಂಡ್ ಇವೆಲ್ಲ ಈ ಕುಲ. ಬೆರಳಿಗೆ ಅಂಟುತ್ತದೆ, ಧೂಳು ಹಿಡಿದು ಕಪ್ಪಾಗಿದೆ ಅಂದ್ರೆ ಸ್ಟಿಕರ್ ಇಲ್ಲವೇ ಟೇಪಿನದು. ಬೂದು ಬಣ್ಣದ ಕಲ್ಲಿನ ಮುದ್ದೆ ಎಂ-ಸೀಲ್, ಜೇನಿನ ಬಣ್ಣದ ಕಲ್ಲು ಅರಾಲ್ಡೈಟ್. ಬೆಳ್ಳಗೆ ಪುಡಿಪುಡಿ ಉದುರುತ್ತಿದ್ದರೆ ಮೈದಾ ಅಂಟು. ಅದಕ್ಕೆ ಹೆದರಬೇಕಿಲ್ಲ, ಒದ್ದೆ ಬಟ್ಟೆ ಸಾಕು.

ಕೆಳಗೆ ಏನಿದೆ?

ನಾನು ಬಿಟ್ಟ ಪ್ರಶ್ನೆ ಇದು. ಟೇಬಲ್ಲಿನ ಕಾಲಿನ ಒಳಮೈ, ಡ್ರಾಯರಿನ ಅಡಿ, ಗೋಡೆಗೆ ತಾಗುವ ಬದಿ, ಹೀಗೆ ಕಣ್ಣಿಗೆ ಬೀಳದ ಒಂದು ಜಾಗ ಹುಡುಕಿ. ಪಾಲಿಶ್ ಮಾತ್ರ ಮೇಲಿನದೇ ಆಗಿರಬೇಕು. ಕೆಲವರು ಮೇಲ್ಭಾಗಕ್ಕೆ ಒಂದು, ಕಾಲಿಗೆ ಒಂದು ಹೊಡೆದಿರುತ್ತಾರೆ.

ಮೊದಲು ಬರೀ ನೀರು ಒಂದು ಹನಿ. ಮರ ಕುಡಿದು ಕಪ್ಪಾದರೆ ಮೇಲೆ ಪಾಲಿಶ್ ಇಲ್ಲ, ಇದ್ದರೂ ಸವೆದುಹೋಗಿದೆ. ಅಂಥ ಮರಕ್ಕೆ ಯಾವ ದ್ರವ ಹಾಕಿದರೂ ಕರಗಿದ ಅಂಟನ್ನು ಎಳೆದುಕೊಂಡು ಒಳಗೆ ಇಳಿಯುತ್ತದೆ. ಕೆರೆಯುವುದೊಂದೇ ದಾರಿ.

ಹನಿ ಹಾಗೇ ನಿಂತರೆ ಎರಡನೆಯದು ಸ್ಪಿರಿಟ್. ಪಾಲಿಶ್‌ನವರು ಬಳಸುವುದೇ ಆಗಲಿ, ಹ್ಯಾಂಡ್ ಸ್ಯಾನಿಟೈಸರ್ ಆಗಲಿ ನಡೆಯುತ್ತದೆ. ಇಯರ್ ಬಡ್‌ಗೆ ಅದ್ದಿ ಐದಾರು ಸೆಕೆಂಡ್ ಮುಟ್ಟಿಸಿ. ಜಿಗುಟಾಯಿತು, ಬಡ್ ಕಂದಾಯಿತು ಅಂದ್ರೆ ಅದು ಫ್ರೆಂಚ್ ಪಾಲಿಶ್. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವುದೇ ಅದು. ಕರಗಿಸಿ ಹಚ್ಚಿದ್ದು ಮತ್ತೆ ಕರಗುತ್ತದೆ, ಅಷ್ಟೇ ಲೆಕ್ಕ. ನಮ್ಮ ಕಡೆ ಹಳೆಯ ಸಾಗವಾನಿ, ಬೀಟೆ ಸಾಮಾನು ಅಂದ್ರೆ ಮೊದಲು ಇದನ್ನೇ ಅನುಮಾನಿಸಿ.

ಸ್ಪಿರಿಟ್‌ಗೆ ಏನೂ ಆಗಲಿಲ್ಲ ಅಂದ್ರೆ ಮೂರನೆಯದು ಥಿನ್ನರ್. ಮೆತ್ತಗಾದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್, ಅಂದ್ರೆ ಥಿನ್ನರ್ ಬೆರೆಸಿ ಹೊಡೆಯುವ ಪಾಲಿಶ್. ಅದಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್), ಮೆಲಮೈನ್ ಇಂಥ ಗಟ್ಟಿ ಪಾಲಿಶ್. ಈ ಪರೀಕ್ಷೆಯನ್ನು ಇದೇ ಕ್ರಮದಲ್ಲಿ ಮಾಡಿ. ಥಿನ್ನರ್ ಅರಗನ್ನೂ ಬಿಡುವುದಿಲ್ಲ. ಅದನ್ನೇ ಮೊದಲು ಹಾಕಿದರೆ ಯಾವುದು ಯಾವುದಂತ ತಿಳಿಯುವುದೇ ಇಲ್ಲ.

ಸನ್ಮೈಕಾ ಆದರೆ ಮೈ ಗಟ್ಟಿ, ಅಂಚು ಸೂಕ್ಷ್ಮ. ಅಂಚಿನಿಂದ ಥಿನ್ನರ್ ಒಳಗೆ ಇಳಿದರೆ ಸನ್ಮೈಕಾವನ್ನೇ ಹಿಡಿದಿಟ್ಟ ಅಂಟು ಮೆತ್ತಗಾಗಿ ಮೂಲೆ ಎದ್ದು ನಿಲ್ಲುತ್ತದೆ. ನೀರು ಇಳಿದರೆ ಒಳಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಹೊಟ್ಟಿನ ಬೋರ್ಡ್ ಉಬ್ಬುತ್ತದೆ. ಉಬ್ಬಿದ್ದು ಒಣಗಿದ ಮೇಲೂ ಇಳಿಯುವುದಿಲ್ಲ. ಸ್ಟೀಲ್ ಕಪಾಟಿನ ಬಣ್ಣಕ್ಕೆ ಥಿನ್ನರ್ ಶತ್ರು. ಪ್ಲಾಸ್ಟಿಕ್ ಕುರ್ಚಿಗಳದ್ದು ಬೇರೆಯೇ ಕಥೆ. ಅವು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಆ ಮೈ ಅಂಟಿಗೆ ಹಿಡಿತವನ್ನೇ ಕೊಡುವುದಿಲ್ಲ, ಉಗುರಿನಿಂದ ಎಬ್ಬಿಸಿದರೆ ಚಕ್ಕೆಯಾಗಿ ಏಳುತ್ತದೆ. ಆದರೆ ಟಿವಿಯ ಪ್ಲಾಸ್ಟಿಕ್ ಚೌಕಟ್ಟು, ಅಕ್ರಿಲಿಕ್ ಹಾಳೆ ಇವಕ್ಕೆ ರಿಮೂವರ್ ಮುಟ್ಟಿಸಬೇಡಿ. ಅಲ್ಲಿ ಪ್ಲಾಸ್ಟಿಕ್ಕೇ ಕರಗುತ್ತದೆ.

ಪಾಲಿಶ್ ಮೇಲೆ ಫೆವಿಕ್ವಿಕ್

ಇದು ಎಲ್ಲಕ್ಕಿಂತ ಕಷ್ಟದ ಜೋಡಿ. ಫೆವಿಕ್ವಿಕ್ ಕರಗಿಸುವುದು ಅಸಿಟೋನ್. ನೇಲ್ ಪಾಲಿಶ್ ರಿಮೂವರ್‌ನ ಕೆಲಸವೂ ಅದರಿಂದಲೇ. ಆದರೆ ಒಣಗಿದ ಫೆವಿಕ್ವಿಕ್ ಮೆತ್ತಗಾಗಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತೂ ಅದು ಒದ್ದೆಯಾಗಿಯೇ ಇರಬೇಕು. ಅಸಿಟೋನ್ 56 ಡಿಗ್ರಿಗೆ ಕುದಿಯುವ ವಸ್ತು. ನಮ್ಮ ಬೇಸಿಗೆಯಲ್ಲಿ ಹಚ್ಚಿದ ಕೂಡಲೇ ಹಾರಿಹೋಗುತ್ತದೆ. ನಾವು ಮತ್ತೆ ಸುರಿಯುತ್ತೇವೆ. ಅಂಟು ಕಾಯುತ್ತಾ ಕೂರುತ್ತದೆ, ಪಾಲಿಶ್ ಕಾಯುವುದಿಲ್ಲ. ನನ್ನ ಟೇಬಲ್ಲಿಗೆ ಆದದ್ದು ಇದೇ. ಡಬ್ಬಿಯ ಮೇಲೆ ಅಸಿಟೋನ್ ಇಲ್ಲ ಅಂತ ಬರೆದ ರಿಮೂವರ್ ತಂದರೂ ಉಪಯೋಗವಿಲ್ಲ. ಅಂಟಿಗೆ ಅದರ ಏಟು ಕಡಿಮೆ, ಪಾಲಿಶ್‌ಗೆ ಮಾತ್ರ ತಪ್ಪದೆ ಬೀಳುತ್ತದೆ.

ಬಿಸಿ ಮಾಡಿದರೆ? ಫ್ರೆಂಚ್ ಪಾಲಿಶ್ ಆದರೆ ಅದೂ ಬೇಡ. ಫೆವಿಕ್ವಿಕ್ ಸೋಲುವ ಮೊದಲು ಅರಗು ಮೆತ್ತಗಾಗುತ್ತದೆ.

ಬಡಿಗೇರ ಕಾಕಾ ಮಾಡಿದ್ದು ಬೇರೆ. ಹೊಸ ಬ್ಲೇಡು ತಗೊಂಡು ಎರಡೂ ತುದಿಗೆ ಸೆಲ್ಲೋ ಟೇಪ್ ಎರಡೆರಡು ಸುತ್ತು ಸುತ್ತಿದರು. ನಡುವೆ ಒಂದು ಬೆರಳಗಲ ಅಂಚು ಮಾತ್ರ ಬಿಟ್ಟರು. ಬ್ಲೇಡನ್ನು ನೆಟ್ಟಗೆ ಹಿಡಿದು ಹನಿಯ ಮೇಲೆ ತಮ್ಮ ಕಡೆಗೆ ಮೆಲ್ಲಗೆ ಎಳೆದರು. ಟೇಪು ಪಾಲಿಶ್ ಮೇಲೆ ಜಾರುತ್ತದೆ, ಅಂಚು ಟೇಪಿನ ದಪ್ಪದಷ್ಟು ಮೇಲೆ ನಿಲ್ಲುತ್ತದೆ. ಉಬ್ಬಿದ ಅಂಟು ಮಾತ್ರ ಪುಡಿಯಾಗಿ ಬರುತ್ತದೆ. ಟೇಪಿನ ಮಟ್ಟಕ್ಕೆ ಇಳಿದ ಮೇಲೆ ಒಂದೊಂದು ಸುತ್ತು ತೆಗೆದರು, ಮತ್ತೆ ಎಳೆದರು. ಉಳಿದ ತೆಳ್ಳನೆಯ ಪದರಕ್ಕೆ ಸಣ್ಣ ನುಣುಪಿನ ವಾಟರ್ ಪೇಪರ್ (ಉಜ್ಜುವ ಕಾಗದ) ಬೆರಳ ತುದಿಯಗಲ ಕತ್ತರಿಸಿ, ಬರೀ ಅಂಟಿನ ಮೇಲೆ ಆಡಿಸಿದರು. ಹತ್ತು ನಿಮಿಷದ ಕೆಲಸ. ನಾನು ಮೊದಲೇ ಕರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನಾನು ಬೆತ್ತಲೆ ಮಾಡಿದ ಜಾಗಕ್ಕೆ ಮೂರು ದಿನ ಹಿಡಿಯಿತು. ಹತ್ತಿಯನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಅರಗಿನ ಪಾಲಿಶ್ ತೆಳ್ಳಗೆ ಒಂದರ ಮೇಲೊಂದು ಕೊಡುತ್ತಾ ಹೋದರು. ಫ್ರೆಂಚ್ ಪಾಲಿಶ್‌ನಲ್ಲಿ ಒಂದು ಒಳ್ಳೆಯ ಗುಣ ಇದೆ. ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿ ಅದರೊಳಗೆ ಸೇರಿಬಿಡುತ್ತದೆ, ತೇಪೆಯ ಗೆರೆ ಕಾಣುವುದಿಲ್ಲ. ಪಿಯುಗೆ ಈ ಗುಣ ಇಲ್ಲ. ಒಮ್ಮೆ ಕೆಟ್ಟರೆ ಎಷ್ಟೋ ಸಲ ಪೂರ್ತಿ ಹಲಗೆಯನ್ನೇ ಮತ್ತೆ ಹೊಡೆಸಬೇಕಾಗುತ್ತದೆ.

ಕೆಳಗಿರುವುದು ಪಿಯು ಅಥವಾ ಸನ್ಮೈಕಾ ಅಂತ ಖಾತ್ರಿ ಇದ್ದರೆ ಮಾತ್ರ ಅಸಿಟೋನ್ ಬಳಸಿ. ಆಗಲೂ ಹತ್ತಿಯ ಉಂಡೆ ಬೇಡ, ಇಯರ್ ಬಡ್ ಸಾಕು. ಹನಿಯ ನೆತ್ತಿಗಷ್ಟೇ ಮುಟ್ಟಿಸಿ, ಹತ್ತು ಹದಿನೈದು ಸೆಕೆಂಡಿಗೆ ಒರೆಸಿ, ಮತ್ತೆ ಮುಟ್ಟಿಸಿ. ಅಂಚು ಮೆತ್ತಗಾದಾಗ ಹಳೆಯ ಎಟಿಎಂ ಕಾರ್ಡಿನಿಂದ ತಳ್ಳಿ. ಕಿಟಕಿ ತೆರೆದಿರಲಿ, ಹತ್ತಿರ ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಏನೂ ಇರಬಾರದು. ಅಸಿಟೋನ್ ಆವಿ ನೆಲದ ಮೇಲೆ ಹರಿದು ಹೋಗಿ ಬೆಂಕಿ ಹಿಡಿಯುತ್ತದೆ.

ಫೆವಿಕ್ವಿಕ್ ಇನ್ನೂ ಹಸಿ ಇರುವಾಗ ಒರೆಸಲು ಹೋಗುವವರಿಗೂ ಒಂದು ಮಾತು. ಬಳ್ಳಾರಿ ಕಡೆಯ ಮನೆಗಳಲ್ಲಿ ಒರೆಸುವ ಅರಿವೆ ಅಂದ್ರೆ ಜೀನ್ಸ್ ತುಂಡೇ. ಊರಲ್ಲಿ ಜೀನ್ಸ್ ಹೊಲಿಗೆ ಅಷ್ಟಿದೆಯಲ್ಲ. ಜೀನ್ಸ್ ಹತ್ತಿಯ ಬಟ್ಟೆ. ಹಸಿ ಫೆವಿಕ್ವಿಕ್ ಹತ್ತಿಗೆ ತಾಗಿದರೆ ಒಮ್ಮೆಲೇ ಗಟ್ಟಿಯಾಗುತ್ತಾ ಬಿಸಿ ಬಿಡುತ್ತದೆ, ಹೊಗೆಯೂ ಬರಬಹುದು, ಬೆರಳು ಸುಡುತ್ತದೆ. ಹಸಿ ಹನಿಯನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎತ್ತಿ. ಇಲ್ಲಾಂದ್ರೆ ಸುಮ್ನೆ ಒಣಗಲು ಬಿಡಿ.

ಫೆವಿಕಾಲ್ ಬಿದ್ದಿದ್ದರೆ

ಇದು ಸಾಧು ಅಂಟು. ನೀರಿಗೆ ಉಬ್ಬುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಸನ್ಮೈಕಾ, ಗಾಜು, ಪಿಯು ಮೇಲಾದರೆ ಬೆಚ್ಚನೆ ನೀರಲ್ಲಿ ಹಿಂಡಿದ ಬಟ್ಟೆಯನ್ನು ಅಂಟಿನಷ್ಟೇ ಅಗಲಕ್ಕೆ ಮಡಿಸಿ ಹತ್ತು ಹದಿನೈದು ನಿಮಿಷ ಇಡಿ. ಬೆಳ್ಳಗಾಗಿ ಬೆಣ್ಣೆಯಂತಾದಾಗ ಕಾರ್ಡಿನಿಂದ ಎಬ್ಬಿಸಿ. ಜಗ್ಗದಿದ್ದರೆ ನೀರಿಗೆ ಅಷ್ಟೇ ಪ್ರಮಾಣದ ಬಿಳಿ ವಿನಿಗರ್ ಸೇರಿಸಿ. ಮಾರ್ಬಲ್, ಕಡಪಾ ಕಲ್ಲಿನ ಮೇಲೆ ಮಾತ್ರ ವಿನಿಗರ್ ಬೇಡ, ಕಲ್ಲನ್ನೇ ತಿನ್ನುತ್ತದೆ.

ಫ್ರೆಂಚ್ ಪಾಲಿಶ್ ಮೇಲಾದರೆ ಒದ್ದೆ ಬಟ್ಟೆ ಇಟ್ಟು ಮರೆತರೆ ಬಿಳಿ ಮಬ್ಬು ಬರುತ್ತದೆ. ಅಲ್ಲಿ ಹೇರ್ ಡ್ರೈಯರ್ ಒಳ್ಳೆಯದು, ಕಡಿಮೆ ಬಿಸಿಯಲ್ಲಿ. ಎಷ್ಟು ಬಿಸಿ ಅಂತ ತಿಳಿಯಲು ಥರ್ಮಾಮೀಟರ್ ಬೇಡ. ಆ ಗಾಳಿಯ ಕೆಳಗೆ ಅಂಗೈ ಇಡಿ. ಅಂಗೈ ತಾಳಿದರೆ ಪಾಲಿಶ್ ತಾಳುತ್ತದೆ. ಅರ್ಧ ನಿಮಿಷ ಬಿಸಿ, ಕಾರ್ಡಿನಿಂದ ಒಂದು ತಳ್ಳು, ಮತ್ತೆ ಅರ್ಧ ನಿಮಿಷ. ಅವಸರ ಮಾಡಿದರೆ ಅಂಟಿನ ಜೊತೆ ಪಾಲಿಶ್ ಚಕ್ಕೆಯೂ ಬರುತ್ತದೆ.

ಬೆತ್ತಲೆ ಮರದ ಜೋಡಣೆಯಲ್ಲಿ ಉಕ್ಕಿ ಒಣಗಿದ ಫೆವಿಕಾಲ್ ಇದ್ದರೆ ಚೂಪು ಉಳಿಯಿಂದ ಕೆರೆದು ಪಾಲಿಶ್ ಪೇಪರ್ ಹಾಕಿ. ಅಲ್ಲಿ ಪಾಲಿಶ್ ಹೊಡೆದ ಮೇಲೆ ಬಿಳಿಚಿದ ಮಚ್ಚೆ ಕಂಡರೆ ಅಂಟು ಇನ್ನೂ ರಂಧ್ರದಲ್ಲಿದೆ ಅಂತಲೇ ಅರ್ಥ. ಅಂಟು ಕುಡಿದ ಮರ ಬಣ್ಣ ಕುಡಿಯುವುದಿಲ್ಲ. ಮತ್ತೆ ಕೆರೆಯುವುದೇ ಗತಿ.

ಸ್ಟಿಕರ್, ಟೇಪ್

ಹೊಸ ಕಪಾಟಿನ ಕಂಪನಿ ಸ್ಟಿಕರ್, ಮಕ್ಕಳು ಅಂಟಿಸಿದ ಕಾರ್ಟೂನು, ಬಾಗಿಲಿಗೆ ಹಾಕಿದ ಡಬಲ್ ಸೈಡ್ ಟೇಪು. ಬಿಸಿಲು ಬೀಳುವ ಗೋಡೆಯ ಪಕ್ಕದಲ್ಲಿದ್ದರೆ ಮೇಲಿನ ಕಾಗದ ಬೂದಿಯಂತೆ ಉದುರಿ, ಅಂಟು ಮಾತ್ರ ಬೆಂದು ಕೂತಿರುತ್ತದೆ.

ಇದಕ್ಕೆ ಕೊಬ್ಬರಿ ಎಣ್ಣೆ. ಕೆಲಸ ಮಾಡುತ್ತದೆ, ಆದರೆ ಹೊತ್ತು ಬೇಕು. ಮೊದಲು ಮೇಲಿನ ಕಾಗದ ಕೆರೆದು ತೆಗೆಯಿರಿ. ಪ್ಲಾಸ್ಟಿಕ್ ಪದರ ಇದ್ದರೆ ಎಣ್ಣೆ ಒಳಗೆ ಇಳಿಯುವುದೇ ಇಲ್ಲ. ಆಮೇಲೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಬೆರಳಿನಿಂದ ತಿಕ್ಕಿದರೆ ಉಂಡೆಯಾಗಿ ಬರುತ್ತದೆ. ಕೊನೆಗೆ ಸೋಪಿನ ಬಟ್ಟೆ, ಒಣ ಬಟ್ಟೆ. ಎಣ್ಣೆಯನ್ನು ಹಾಗೇ ಬಿಟ್ಟರೆ ಎರಡೇ ದಿನಕ್ಕೆ ಧೂಳು ಕೂತು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಪಾಲಿಶ್ ಇಲ್ಲದ ಮರಕ್ಕೆ ಎಣ್ಣೆ ಹಾಕಬೇಡಿ, ಕಲೆ ಶಾಶ್ವತ.

ಎಣ್ಣೆಗೆ ಬಗ್ಗದ ಹಳೆಯ ಟೇಪಿನ ಅಂಟಿಗೆ ಟರ್ಪೆಂಟೈನ್ ಬಟ್ಟೆ. ಅಂಗೈಗಾತ್ರದ ಅರಿವೆ, ನಾಲ್ಕು ಹನಿ, ಅಷ್ಟೇ. ಸ್ಟೀಲ್ ಕಪಾಟಿಗೂ ಇದೇ, ಥಿನ್ನರ್ ಅಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೂ ಒಂದೇ ಥರದ ಬಾಟಲಿಯಲ್ಲಿ ಪಕ್ಕಪಕ್ಕ ಇರುತ್ತವೆ, ಹೆಸರು ಓದಿ ತನ್ನಿ.

ಉಳಿದ ಅಂಟುಗಳು

ರಬ್ಬರ್ ಅಂಟಿಗೂ ಟರ್ಪೆಂಟೈನ್ ನಡೆಯುತ್ತದೆ. ಐದು ನಿಮಿಷ ನೆನೆಸಿ, ಬೆರಳಿನಿಂದ ಉರುಳಿಸಿ. ಸನ್ಮೈಕಾ ಅಂಚಿನ ಹತ್ತಿರ ಇದ್ದರೆ ಯಾವ ದ್ರವವೂ ಬೇಡ. ಅದೇ ಒಣ ಅಂಟಿನ ದೊಡ್ಡ ಉಂಡೆ ಮಾಡಿಕೊಂಡು ರಬ್ಬರಿನಂತೆ ಉಜ್ಜಿ. ಅಂಟು ಅಂಟನ್ನೇ ಎಳೆದುಕೊಂಡು ಬರುತ್ತದೆ. ಗ್ಲೂ ಗನ್ನಿನ ಮೇಣದಂಥ ಅಂಟಿಗೆ ಉಲ್ಟಾ ಉಪಾಯ. ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲಿಟ್ಟರೆ ಗಡುಸಾಗಿ ಟಕ್ ಅಂತ ಏಳುತ್ತದೆ. ಚೂಯಿಂಗ್ ಗಮ್ಮಿಗೂ ಹೀಗೇ. ಎಂ-ಸೀಲ್, ಅರಾಲ್ಡೈಟ್ ಪೂರ್ತಿ ಗಟ್ಟಿಯಾದ ಮೇಲೆ ಮನೆಯಲ್ಲಿ ಕರಗಿಸುವ ವಸ್ತು ಇಲ್ಲ. ಲೋಹದ ಮೇಲಾದರೆ ಬಿಸಿ ಮಾಡಿ ಕೆರೆಯಬಹುದು. ಪಾಲಿಶ್ ಮರದ ಮೇಲಾದರೆ ಬಡಿಗರನ್ನೇ ಕರೆಯಿರಿ.

ಅಂಟು ಹೋಯಿತು, ಕಲೆ ಹೋಗಲಿಲ್ಲ

ಇಲ್ಲಿ ಬಹಳ ಜನ ಎಡವುತ್ತಾರೆ. ಅಂಟು ಇನ್ನೂ ಇದೆ ಅಂದುಕೊಂಡು ಉಜ್ಜುತ್ತಲೇ ಇರುತ್ತಾರೆ.

ಬಿಳಿ ಪುಡಿಯಂಥ ಗೆರೆ, ಉಂಗುರ ಇದ್ದರೆ ಮೊದಲು ನಿಮ್ಮ ನೀರನ್ನು ಅನುಮಾನಿಸಿ. ನಮ್ಮ ಕಡೆಯ ಬೋರಿನ ಗಡುಸು ನೀರು ಒಣಗಿದಲ್ಲೆಲ್ಲ ಉಪ್ಪು ಬಿಡುತ್ತದೆ. ಕೊಡದ ಅಂಚು ನೋಡಿಲ್ವಾ, ಅದೇ. ಕುಡಿಯುವ ಫಿಲ್ಟರ್ ನೀರಲ್ಲಿ ಬಟ್ಟೆ ಹಿಂಡಿ ಒರೆಸಿ, ಕೂಡಲೇ ಒಣಗಿಸಿ. ಹೋದರೆ ಉಪ್ಪು.

ಒರೆಸಿದರೂ ಹೋಗದ, ಪಾಲಿಶ್ ಒಳಗೇ ಮೋಡ ಕವಿದಂಥ ಬಿಳುಪು ಆದರೆ ಅದು ತೇವ ಸಿಕ್ಕಿಹಾಕಿಕೊಂಡದ್ದು. ಎರಡು ದಿನ ಗಾಳಿಗೆ ಬಿಡಿ, ಎಷ್ಟೋ ಸಲ ತಾನೇ ಹೋಗುತ್ತದೆ. ಹೋಗದಿದ್ದರೆ ಒಲೆಯ ಬೂದಿಯನ್ನು ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಮರದ ಎಳೆ ಹೋದ ದಿಕ್ಕಿಗೇ ಹಗುರವಾಗಿ ಉಜ್ಜಿ. ನಮ್ಮವ್ವ ಇದಕ್ಕೆ ವಿಭೂತಿ ಪುಡಿ ಬಳಸುತ್ತಿದ್ದಳು. ಅವಳ ಮಟ್ಟಿಗೆ ಅದು ಭಕ್ತಿ, ಟೇಬಲ್ಲಿನ ಮಟ್ಟಿಗೆ ನುಣುಪಾದ ಉಜ್ಜುಪುಡಿ.

ಸ್ಟಿಕರ್ ಇದ್ದ ಆಕಾರಕ್ಕೇ ಸರಿಯಾಗಿ ಬಣ್ಣ ಬೇರೆ ಕಾಣುತ್ತಿದೆ, ಬೆರಳಾಡಿಸಿದರೆ ನುಣ್ಣಗಿದೆ. ಅಲ್ಲಿ ಅಂಟೂ ಇಲ್ಲ, ದೋಷವೂ ಇಲ್ಲ. ಸುತ್ತಲಿನ ಮರ ಇಷ್ಟು ವರ್ಷ ಬೆಳಕು ಕಂಡಿದೆ, ಸ್ಟಿಕರಿನ ಕೆಳಗಿನದು ಕಂಡಿಲ್ಲ. ಏನೂ ಹಚ್ಚಬೇಡಿ. ತಿಂಗಳುಗಳಲ್ಲಿ ಅಂತರ ತಾನೇ ಕಡಿಮೆಯಾಗುತ್ತದೆ.

ಬೆರಳಿಗೆ ತಗ್ಗು ಸಿಕ್ಕಿತು, ಹೊಳಪು ಸತ್ತಿದೆ ಅಂದ್ರೆ ಪಾಲಿಶ್ ಎದ್ದಿದೆ. ಮುಂದೆ ಉಜ್ಜಿದಷ್ಟೂ ಅಗಲವಾಗುತ್ತದೆ. ಕೈ ತೆಗೆಯಿರಿ, ಪಾಲಿಶ್‌ನವರಿಗೆ ಹೇಳಿ ಕಳಿಸಿ.

ಕಿನ್ನಾಳ ಗೊಂಬೆ ಇದ್ದರೆ

ಕೊಪ್ಪಳದ ಸುತ್ತಮುತ್ತ ಶೋಕೇಸಿನಲ್ಲಿ ಒಂದಾದರೂ ಕಿನ್ನಾಳ ಗೊಂಬೆ, ಅಂದ್ರೆ ಕಿನ್ನಾಳ ಊರಿನ ಬಣ್ಣದ ಮರದ ಗೊಂಬೆ, ಇರುವ ಮನೆ ಬಹಳ. ಅದಕ್ಕೆ ಬೆಲೆಚೀಟಿಯ ಅಂಟೋ, ಫೆವಿಕಾಲೋ ತಾಗಿದ್ದರೆ ಮೇಲೆ ಹೇಳಿದ ಯಾವುದನ್ನೂ ಮಾಡಬೇಡಿ. ಸಾಂಪ್ರದಾಯಿಕ ಕೆಲಸದಲ್ಲಿ ಹಗುರ ಮರದ ತುಂಡುಗಳನ್ನು ಜೋಡಿಸುವುದು, ಸಂದು ತುಂಬುವುದು ಹುಣಸೆಬೀಜದ ಅಂಟಿನಿಂದ. ನೀರು ಇಳಿದರೆ ಆ ಅಂಟು ಬಿಡುತ್ತದೆ, ಸ್ಪಿರಿಟ್, ಥಿನ್ನರ್ ತಾಗಿದರೆ ಮೇಲಿನ ಬಣ್ಣ ಹೋಗುತ್ತದೆ. ಒಣ ಬಟ್ಟೆಯಿಂದ ಹೋದಷ್ಟು ಹೋಗಲಿ. ನಮ್ಮ ಮನೆಯದರ ಬೆಲೆಚೀಟಿ ಗೊಂಬೆಯ ತಳದಲ್ಲಿ ಇನ್ನೂ ಹಾಗೇ ಇದೆ. ಎತ್ತಿ ತಿರುಗಿಸಿ ನೋಡುವವರು ಯಾರೂ ಇಲ್ಲ.